ಫ್ರಾನ್ಸಿನ ಅಧ್ಯಕ್ಷರು ಮತ್ತು ನಮ್ಮೂರ ಡೈರಿ

ಅಕ್ಟೋಬರ್ ಹನ್ನೆರಡು, ಭಾನುವಾರ, ಬೆಳಿಗ್ಗೆ ಆರು ಇಪ್ಪತ್ತು. ತುಮಕೂರು ಮರಳೂರಿನ ಬಾಡಿಗೆ ಮನೆಯಲ್ಲಿ ಕೂತು ಇದನ್ನು ಶುರುಮಾಡುತ್ತಿದ್ದೇನೆ. ಕಳೆದ ನವೆಂಬರಿನ ಕೊನೆಯಿಂದ ಫೆಬ್ರವರಿಯ ಮೊದಲ ವಾರದವರೆಗೆ ಪ್ರತಿ ಭಾನುವಾರ ಇಷ್ಟು ಹೊತ್ತಿಗೆಲ್ಲ ನಾನು ಗುಬ್ಬಿ ರಸ್ತೆಯಲ್ಲಿ ಸ್ಕೂಟರಿನ ಮೇಲಿರುತ್ತಿದ್ದೆ. ದಿನಚರಿಯಲ್ಲಿ ಗುರುತು ಹಾಕಿದ್ದೇನೆ, ಒಟ್ಟು ಹನ್ನೊಂದು ಭಾನುವಾರ. ಹನ್ನೆರಡನೆಯದು ತಪ್ಪಿತು. ಅದು ತಪ್ಪಿದ್ದರಿಂದ ನನ್ನ ಸೋದರಮಾವನ ಊರಿನ ಡೈರಿಗೆ ಇವತ್ತಿಗೂ ಅಧ್ಯಕ್ಷರಿಲ್ಲ. ಈ ಮಾತನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ನಕ್ಕ ಮೇಲೆ ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಅವರಿಗಿರುವುದಿಲ್ಲ. ಹಾಗಾಗಿ ಬರೆದೇ ಬಿಡುತ್ತೇನೆ.

ತುಮಕೂರಿನ ಒಬ್ಬ ಪ್ರಕಾಶಕರು ಶಾಲೆಯ ಗ್ರಂಥಾಲಯಗಳಿಗೆಂದು, ದೇಶ ಆಳಿದವರ ಚಿಕ್ಕ ಚಿಕ್ಕ ಜೀವನಚರಿತ್ರೆಗಳ ಒಂದು ಮಾಲೆ ತರುತ್ತಿದ್ದಾರೆ. ಕೇಳಿದ ಕೂಡಲೇ ಎಲ್ಲರಿಗೂ ಗೊತ್ತಾಗುವ ನಾಯಕರನ್ನು ಹಿರಿಯ ಲೇಖಕರು ಮೊದಲೇ ಹಂಚಿಕೊಂಡಿದ್ದರು. ನನ್ನ ಪಾಲಿಗೆ ಉಳಿದವರು ಫ್ರಾನ್ಸಿನ ಒಬ್ಬ ಮಾಜಿ ಅಧ್ಯಕ್ಷರು. "ಇವ್ರ ಬಗ್ಗೆ ಕನ್ನಡದಲ್ಲಿ ಏನೂ ಇಲ್ಲಮ್ಮ. ನಿಮ್ಗೆ ಅದೇ ಅನುಕೂಲ, ಯಾರೂ ತಪ್ಪು ಹುಡುಕೋಕೆ ಬರಲ್ಲ" ಎಂದು ಪ್ರಕಾಶಕರು ಧೈರ್ಯ ಹೇಳಿದರು. ನನಗೆ ಅದು ಧೈರ್ಯ ಅನ್ನಿಸಲಿಲ್ಲ. ನಾನು ಹಗಲಿಗೆ ಒಂದು ಔಷಧಿ ಸಗಟು ಅಂಗಡಿಯಲ್ಲಿ ಸ್ಟಾಕ್ ನೋಡಿಕೊಳ್ಳುವವಳು. ಯಾವ ಡಬ್ಬಿಯ ಅವಧಿ ಎಂದು ಮುಗಿಯುತ್ತದೆ ಎಂದು ಬರೆದಿಡುವುದೇ ನನ್ನ ಕೆಲಸ. ತಪ್ಪು ಹುಡುಕುವವರು ಇಲ್ಲ ಎಂದರೆ ನನಗೆ ನಿದ್ದೆ ಬರುವುದಿಲ್ಲ.

ಸಿಕ್ಕಿದ್ದು ಮೂರು ಇಂಗ್ಲಿಷ್ ಪುಸ್ತಕ. ಎರಡು ಗ್ರಂಥಾಲಯದ್ದು, ಒಂದು ನನ್ನ ಹಳೆಯ ಮೇಷ್ಟ್ರದ್ದು. ನನಗೆ ಫ್ರೆಂಚ್ ಬರುವುದಿಲ್ಲ. ಅವರ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಎಂದು ಮೂವರನ್ನು ಕೇಳಿದೆ, ಮೂವರೂ ಬೇರೆ ಬೇರೆ ಹೇಳಿದರು. ಇಲ್ಲಿ ಆ ಹೆಸರು ಬರೆಯುವುದೇ ಇಲ್ಲ. ಮಾವನ ಮನೆಯಲ್ಲೂ ಅವರಿಗೆ ಆ ಹೆಸರು ಇರಲಿಲ್ಲ. ಆರಡಿಗಿಂತ ಎತ್ತರದ ಮನುಷ್ಯ ಎಂದು ನಾನು ಮೊದಲ ದಿನ ಓದಿದ್ದಕ್ಕೆ ಅತ್ತೆ, "ಅಷ್ಟುದ್ದ ಇದ್ರೆ ನಮ್ಮ ನಡುಮನೆ ಬಾಗ್ಲಲ್ಲಿ ದಿನಾ ತಲೆ ಚಚ್ಕಳೋರು" ಎಂದರು. ಅಂದಿನಿಂದ ಅವರು ಎಲ್ಲರ ಬಾಯಲ್ಲೂ ಉದ್ದದೋರು.

ಬರೆದ ಅಧ್ಯಾಯವನ್ನು ಮಾವನ ಜಗಲಿಯಲ್ಲಿ ಗಟ್ಟಿಯಾಗಿ ಓದುವುದು ನಾನೇ ಹಾಕಿಕೊಂಡ ಕ್ರಮ. ಫ್ರಾನ್ಸ್ ಎಲ್ಲಿದೆ ಎಂದು ತಲೆಕೆಡಿಸಿಕೊಳ್ಳದವರಿಗೆ ಅರ್ಥವಾದರೆ ಹೈಸ್ಕೂಲ್ ಮಕ್ಕಳಿಗೂ ಅರ್ಥವಾಗುತ್ತದೆ ಎಂಬುದು ನನ್ನ ಲೆಕ್ಕ. ಊರು ಗುಬ್ಬಿಯಿಂದ ಸ್ವಲ್ಪ ಒಳಗೆ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಕೊಟ್ಟಿಗೆಯಲ್ಲಿ ನಾಲ್ಕು ಹಸು. ಬೆಳಿಗ್ಗೆ ಹಾಲು ಹಾಕಿ, ಹಾಲಿನ ಗಾಡಿ ಹೊರಟ ಮೇಲೆ ಮಾವ ಜಗಲಿಗೆ ಬಂದು ಕೂರುವರು. ಪಕ್ಕದಲ್ಲಿ ಅಜ್ಜಿ, ಹೊಸಿಲ ಮೇಲೆ ಅತ್ತೆ. ಅಜ್ಜಿ ಎಂದರೆ ಮಾವನ ತಾಯಿ, ನನ್ನ ಅಮ್ಮನ ತಾಯಿ.

ಡೈರಿ ಎಂದರೆ ನಮ್ಮ ಕಡೆ ಹಾಲು ಉತ್ಪಾದಕರ ಸಹಕಾರ ಸಂಘ. ಮಾವ ಅದರ ಅಧ್ಯಕ್ಷರಾಗಿದ್ದರು. ಆ ಅಧ್ಯಕ್ಷಗಿರಿ ಪೂರ್ತಿ ಅವರದಲ್ಲ, ಅರ್ಧ ಮಾತ್ರ. ಹನ್ನೊಂದು ನಿರ್ದೇಶಕರಲ್ಲಿ ಮಾವನೂ ಸೇರಿ ಆರು ಮಂದಿ ಮಾವನ ಕಡೆ, ಐದು ಮಂದಿ ಮೂಲೆಮನೆಯವರ ಕಡೆ. ಮೂಲೆಯ ಮನೆಯ ಯಜಮಾನರನ್ನು ಊರವರೆಲ್ಲ ಕರೆಯುವುದು ಹಾಗೆ. ಈ ಆರರಲ್ಲಿ ಒಬ್ಬರು ಗಾಳಿ ಬಂದತ್ತ ತೂರಿಕೊಳ್ಳುವವರು ಎಂಬ ಅನುಮಾನ ಎರಡೂ ಕಡೆಗಿತ್ತು. ಆದ್ದರಿಂದ ಹಿರಿಯರು ಕೂತು, ನಮ್ಮ ಕಡೆ ಸಾಮಾನ್ಯವಾಗಿ ಮಾಡುವ ಏರ್ಪಾಡು ಮಾಡಿದರು. ನಿರ್ದೇಶಕರ ಬೋರ್ಡಿನ ಅವಧಿ ಐದು ವರ್ಷ, ಅದರಲ್ಲಿ ಮೊದಲ ಎರಡೂವರೆ ವರ್ಷ ಮಾವ, ಉಳಿದ ಎರಡೂವರೆ ವರ್ಷ ಮೂಲೆಮನೆಯವರು. ಊರಮ್ಮನ ಗುಡಿ ಮುಂದೆ ಕರ್ಪೂರ ಹಚ್ಚಿ, ಉರಿಯ ಮೇಲೆ ಇಬ್ಬರೂ ಅಂಗೈ ಆಡಿಸಿ ಮಾತು ಕೊಟ್ಟಿದ್ದರು. ಈ ಸಲದ ಯುಗಾದಿಗೆ ಮಾವ ರಾಜೀನಾಮೆ ಕೊಟ್ಟು ಕುರ್ಚಿ ಬಿಡಬೇಕಿತ್ತು. ಮೂಲೆಮನೆಯವರು ಕೇಡಿಗರೇನಲ್ಲ. ಅವರ ಮನೆಯ ಹಸು ಕರು ಹಾಕುವಾಗ ಮಾವ ಹೋಗಿ ನಿಲ್ಲುತ್ತಾರೆ, ಮಾವನ ಬೋರ್‌ವೆಲ್ ಕೆಟ್ಟಾಗ ಅವರು ಬರುತ್ತಾರೆ. ಅಮ್ಮನ ಊರಿನವರೆಲ್ಲ ನನಗೆ ಮಾವಂದಿರೇ ಆದ್ದರಿಂದ ಅವರನ್ನೂ ನಾನು ಮಾವ ಎಂದೇ ಕರೆಯುವುದು.

ನಾನು ಓದು ಶುರುಮಾಡಿದಾಗ ಯುಗಾದಿಗೆ ನಾಲ್ಕು ತಿಂಗಳಿತ್ತು. ಕುರ್ಚಿ ಬಿಡಲು ಮಾವನಿಗೆ ಮನಸ್ಸಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಹಾಲು ತಂಪಾಗಿಡುವ ದೊಡ್ಡ ಟ್ಯಾಂಕು ಆಗತಾನೆ ಮಂಜೂರಾಗಿತ್ತು, ಓಡಾಡಿ ತಂದವರು ಮಾವ. ಅದರ ಪೂಜೆಯಲ್ಲಿ ತೆಂಗಿನಕಾಯಿ ಒಡೆಯುವ ಕೈ ತಮ್ಮದಾಗಿರಬೇಕು ಎಂಬುದು ಅವರ ಆಸೆ. ಇದನ್ನು ಅತ್ತೆ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಮೊದಲ ಭಾನುವಾರ ಬಾಲ್ಯ. ಉದ್ದದೋರ ಅಜ್ಜಂದಿರು ಬಡ ಗುಡ್ಡಗಾಡಿನ ಕಡೆಯ ಮೇಷ್ಟ್ರುಗಳು. ಹುಡುಗ ಪ್ಯಾರಿಸ್ಸಿನಲ್ಲಿ ಬೆಳೆದ, ಹರೆಯದಲ್ಲಿ ಕಲ್ಲಿದ್ದಲಿನ ಹಡಗು ಹತ್ತಿ ಕೆಲಸಕ್ಕೆ ಹೋದ, ಅಪ್ಪ ಹೋಗಿ ಕರೆತಂದ.

"ಎಳ್ಕಂಡ್ ಬಂದ್ನಾ? ಸರಿ ಮಾಡ್ದ ಬುಡು" ಎಂದರು ಮಾವ. "ಇಲ್ದಿದ್ರೆ ನಿಂಗೆ ಬರ್ಯೋಕೆ ಏನಿರ್ತಿತ್ತು."

ಎರಡನೆಯ ಭಾನುವಾರ ಅವರು ಕೃಷಿ ಮಂತ್ರಿಯಾದರು. ಅಂದು ನನಗೆ ಅರ್ಧ ಪುಟ ಮೀರಿ ಹೋಗಲಾಗಲಿಲ್ಲ. ವರ್ಷಕ್ಕೊಮ್ಮೆ ಪ್ಯಾರಿಸ್ಸಿನಲ್ಲಿ ದೊಡ್ಡ ಕೃಷಿ ಮೇಳ ನಡೆಯುತ್ತದೆ. ಅಲ್ಲಿ ಇವರು ಇಡೀ ದಿನ ಹಸುಗಳ ನಡುವೆ ಓಡಾಡಿ, ಬೆನ್ನು ತಟ್ಟಿ, ರೈತರು ಕೊಟ್ಟದ್ದನ್ನೆಲ್ಲ ತಿಂದು ಕುಡಿದು ಬರುತ್ತಿದ್ದರು. ಬೇರೆ ನಾಯಕರು ಬೂಟಿಗೆ ಸಗಣಿ ತಾಗೀತೆಂದು ನೋಡಿ ನೋಡಿ ಹೆಜ್ಜೆ ಇಟ್ಟರೆ ಇವರಿಗೆ ಅದು ಗಣನೆಯೇ ಇಲ್ಲ. ಮಾವ ನೆಟ್ಟಗೆ ಕೂತರು.

"ಯಾವ ತಳಿ ಹಸು ಅವು?"

"ಬೇಕಾದಷ್ಟು ತಳಿ ಇದಾವಂತೆ ಮಾವ."

"ಹೊತ್ತಿಗೆಷ್ಟು ಲೀಟ್ರು ಕೊಡ್ತವೆ? ಫ್ಯಾಟು ಎಷ್ಟು ಬತ್ತದೆ?"

"ಪುಸ್ತಕದಲ್ಲಿಲ್ಲ."

"ಏನ್ ಪುಸ್ತಕ ಬರ್ದವ್ರವ್ವ. ಹಸು ತಟ್ದ ಅಂತ ಬರೀತಾರೆ, ಹಾಲೆಷ್ಟು ಅಂತ ಬರ್ಯಲ್ಲ."

ಕೇಳಿದವರು ಎಲ್ಲಿ ಎಡವಿದರು ಎಂದು ತಿಳಿಯಲು ನಾನು ಪ್ರಶ್ನೆಗಳನ್ನು ಗುರುತು ಹಾಕಿಕೊಳ್ಳುತ್ತಿದ್ದೆ. ಮೊದಲ ನಾಲ್ಕು ಭಾನುವಾರದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಸುವಿನವು. ಆ ಹೊತ್ತಿಗೆ ನಾನು ನಲವತ್ತು ಪುಟ ಬರೆದಿದ್ದೆ, ಅದರಲ್ಲಿ ಹಸು ಬಂದಿದ್ದು ಅರ್ಧ ಪುಟ.

ಆಮೇಲೆ ಅಧಿಕಾರದ ಕಥೆ ಶುರುವಾಯಿತು. ನಲವತ್ತೆರಡು ತುಂಬುವ ಮೊದಲೇ ಪ್ರಧಾನಿಯಾದದ್ದು, ಎರಡು ವರ್ಷಕ್ಕೆ ತಾವೇ ರಾಜೀನಾಮೆ ಎಸೆದು ಹೊರಬಂದದ್ದು, ಪ್ಯಾರಿಸ್ಸಿನ ಮೇಯರ್ ಆಗಿ ಹದಿನೆಂಟು ವರ್ಷ ಕುರ್ಚಿ ಬಿಡದೆ ಕೂತದ್ದು, ಮೇಯರ್ ಆಗಿದ್ದುಕೊಂಡೇ ಇನ್ನೊಮ್ಮೆ ಪ್ರಧಾನಿಯೂ ಆದದ್ದು. ಮಾವ ಇಲ್ಲಿ ಓದು ನಿಲ್ಲಿಸಿದರು.

"ಎರಡೂ ಒಂದೇ ಸಲಕ್ಕಾ? ಪಂಚಾಯ್ತೀನೂ ಇಟ್ಕಂಡು ಡೆಲ್ಲೀನೂ ಆಳೋದಾ?"

"ಆಗ ಅಲ್ಲಿ ಹಂಗೆ ನಡೀತಿತ್ತು ಮಾವ."

"ನಾವ್ ಇಲ್ಲಿ ಒಂದ್ ಡೈರಿನೇ ಅರ್ಧ ಮಾಡ್ಕಂಡ್ ತಿಂತಾ ಇದೀವಿ" ಎಂದರು ಮಾವ. ಅತ್ತೆ ನಕ್ಕರು. ನಾನೂ ನಕ್ಕೆ. ಆ ಮಾತಿನಲ್ಲಿ ಏನಿತ್ತು ಎಂದು ಆಗ ಯೋಚಿಸಲಿಲ್ಲ.

ಎರಡನೆಯ ಸಲ ಪ್ರಧಾನಿಯಾದಾಗ ಅವರ ಮೇಲಿದ್ದ ಅಧ್ಯಕ್ಷರು ಎದುರು ಪಕ್ಷದವರು, ಅಲ್ಲಿ ಇಬ್ಬರಿಗೂ ಅಧಿಕಾರ ಇರುತ್ತದೆ. ಇದನ್ನು ಹೇಗೆ ವಿವರಿಸುವುದೆಂದು ಮರಳೂರಿನಲ್ಲಿ ಒಂದು ವಾರ ಒದ್ದಾಡಿದ್ದೆ, ಮೂರು ಸಲ ಬರೆದು ಹರಿದಿದ್ದೆ. ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು. "ಒಂದೇ ಮನೆ, ಎರಡು ಒಲೆ. ನಮ್ಮತ್ತೆ ಮನೇಲೂ ಹಂಗೇ ಇತ್ತು." ನನ್ನ ಹಸ್ತಪ್ರತಿಯಲ್ಲಿ ಈಗ ಆ ವಾಕ್ಯವೇ ಇದೆ.

ಅಜ್ಜಿಯ ಒಂದು ಕಟ್ಟಳೆಯನ್ನು ಇಲ್ಲಿ ಹೇಳಬೇಕು. ಆ ಮನೆಯಲ್ಲಿ ಶ್ರಾವಣದಲ್ಲಿ ತಿಂಗಳಿಡೀ ಪುರಾಣ ಓದಿಸುತ್ತಿದ್ದರು. ತಾತ ಓದುವುದು, ಊರವರು ಬಂದು ಕೇಳುವುದು. ದಿನದ ಓದನ್ನು ಎಲ್ಲೆಂದರಲ್ಲಿ ನಿಲ್ಲಿಸುವಂತಿರಲಿಲ್ಲ. ಸಾವು, ಸೋಲು, ಶಾಪ, ಅಡವಿಗೆ ಹೊರಡುವುದು ಇಂಥ ಕಡೆ ಪುಸ್ತಕ ಮುಚ್ಚಿದರೆ ಆ ಕೆಡುಕು ಮನೆಯಲ್ಲೇ ಉಳಿಯುತ್ತದೆ ಎಂದು. ಮದುವೆ, ಮಗು, ಗೆಲುವು, ಏನಾದರೊಂದು ಮಂಗಳ ಬರುವವರೆಗೆ ಓದಬೇಕು, ಇಲ್ಲವೇ ಕೆಡುಕಿನ ಪ್ರಸಂಗ ಶುರುವಾಗುವ ಮೊದಲೇ ನಿಲ್ಲಿಸಬೇಕು. ಅಜ್ಜಿ ಇದನ್ನು ಫ್ರಾನ್ಸಿಗೂ ಅನ್ವಯಿಸಿದರು. ಉದ್ದದೋರು ಅಧ್ಯಕ್ಷರ ಚುನಾವಣೆಯಲ್ಲಿ ಎರಡು ಸಲ ಸೋತು ಮೂರನೆಯ ಸಲ ಗೆದ್ದವರು. ಒಂದೊಂದು ವಾರಕ್ಕೆ ಒಂದೊಂದು ಸೋಲು ಎಂದು ನಾನು ಹಂಚಿಟ್ಟಿದ್ದೆ. ಅಜ್ಜಿ ಬಿಡಲಿಲ್ಲ. ಎರಡು ಸೋಲನ್ನೂ ದಾಟಿಸಿ, ಮೂರನೆಯದರ ಗೆಲುವು ಬರುವವರೆಗೆ ಓದಿಸಿದರು. ಗಂಟಲು ಒಣಗಿತು, ಅತ್ತೆ ಎರಡು ಸಲ ಮಜ್ಜಿಗೆ ಕೊಟ್ಟರು, ಮಧ್ಯಾಹ್ನದ ಮುದ್ದೆ ತಣ್ಣಗಾಯಿತು.

ಗೆದ್ದ ಕೂಡಲೇ ಅವರು ಮಾಡಿದ ಒಂದು ಕೆಲಸ ನನ್ನ ಮಟ್ಟಿಗೆ ಆ ಬದುಕಿನ ದೊಡ್ಡ ಕೆಲಸ. ಯುದ್ಧಕಾಲದಲ್ಲಿ ತಮ್ಮದೇ ಪೊಲೀಸರು ಯೆಹೂದಿಗಳನ್ನು ಹಿಡಿದು ಶತ್ರುಗಳಿಗೆ ಒಪ್ಪಿಸಿದ್ದಕ್ಕೆ ಫ್ರಾನ್ಸ್ ದೇಶವೇ ಹೊಣೆ ಎಂದು ಅವರು ಬಹಿರಂಗವಾಗಿ ಒಪ್ಪಿಕೊಂಡರು. ಹಿಂದಿನ ಅಧ್ಯಕ್ಷರು ಯಾರೂ ಆ ಮಾತು ಆಡಿರಲಿಲ್ಲ. ಆ ಎಂಟು ಪುಟಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ದುಡಿದಿದ್ದೆ. ಮಾವ ಅಂದು ಕಂಬಕ್ಕೊರಗಿ ಗೊರಕೆ ಹೊಡೆದರು. ಎಬ್ಬಿಸಿ ಕೇಳಿದರೆ, "ಇಲ್ಲ ಇಲ್ಲ, ಕೇಳ್ತಾ ಇದೀನಿ, ಹಸು ಬಂತಾ?" ಎಂದರು.

ಫೆಬ್ರವರಿ ಎರಡನೆಯ ತಾರೀಖು ಹನ್ನೊಂದನೆಯ ಭಾನುವಾರ. ಅಂದಿನ ಓದಿನಲ್ಲಿ ಮಾವ ಒಂದು ಸಲವೂ ತೂಕಡಿಸಲಿಲ್ಲ.

ಉದ್ದದೋರು ಅಧ್ಯಕ್ಷರಾಗಿ ಎರಡು ವರ್ಷವಾಗಿದೆ. ಪಾರ್ಲಿಮೆಂಟಿನಲ್ಲಿ ಅವರ ಕಡೆಗೆ ಭಾರಿ ಬಹುಮತವಿದೆ, ಅದರ ಅವಧಿಯೂ ಇನ್ನೊಂದು ವರ್ಷ ಇದೆ. ಆದರೆ ಮುಂದೆ ಕಷ್ಟದ ದಿನಗಳು ಬರಲಿವೆ, ಆಗ ಚುನಾವಣೆಗೆ ಹೋದರೆ ಏಟು ಬೀಳುತ್ತದೆ, ಈಗಲೇ ಹೋದರೆ ಗೆದ್ದು ಐದು ವರ್ಷ ನಿಶ್ಚಿಂತೆ ಎಂದು ಹತ್ತಿರದವರು ಹೇಳುತ್ತಾರೆ. ಸಮೀಕ್ಷೆಗಳೂ ಗೆಲುವು ಎನ್ನುತ್ತವೆ. ಒಂದು ಸಂಜೆ ಅವರು ಟೀವಿಯಲ್ಲಿ ಬಂದು, ಪಾರ್ಲಿಮೆಂಟಿನ ಸಭೆಯನ್ನು ವಿಸರ್ಜಿಸುತ್ತಿದ್ದೇನೆ, ಜನರೇ ತೀರ್ಮಾನಿಸಲಿ ಎಂದು ಘೋಷಿಸುತ್ತಾರೆ.

"ಅಂದ್ರೆ ಎಲ್ರುನ್ನೂ ಮನೆಗ್ ಕಳಿಸ್ದ" ಎಂದರು ಮಾವ.

"ಹೂಂ. ಮತ್ತೆ ಚುನಾವಣೆ."

"ತನ್ನೋರನ್ನೂ?"

"ತನ್ನೋರನ್ನೂ."

"ಅವ್ರು ಒಪ್ಪಿದ್ರಾ?"

"ಅವ್ರನ್ನ ಕೇಳೋ ಹಂಗಿಲ್ಲ ಮಾವ, ಅಧ್ಯಕ್ಷರಿಗೇ ಅಧಿಕಾರ."

ಅಷ್ಟರಲ್ಲಿ ಯಾರೋ ಮೇವಿನ ವಿಷಯಕ್ಕೆ ಕರೆದರು, ಮಾವ ಎದ್ದು ಅಂಗಳಕ್ಕೆ ಹೋದರು. ಅಜ್ಜಿ ನನ್ನ ಕೈಯಲ್ಲಿದ್ದ ಹಾಳೆಗಳ ಕಡೆ ನೋಡಿ, "ಇನ್ನೂ ಐತಾ?" ಎಂದರು.

"ಎರಡು ಪುಟ ಐತಜ್ಜಿ."

"ಏನಾಯ್ತದೆ ಅದ್ರಲ್ಲಿ?"

"ಸೋತೋಯ್ತಾರೆ."

"ಹಂಗಾರೆ ಇವತ್ ಬ್ಯಾಡ. ಟೀವೀಲಿ ಮಾತಾಡಿದ್ದು ಚೆನ್ನಾಗೈತೆ, ಅಲ್ಲಿಗೇ ಮಡಗು. ಬರೋ ವಾರ ಸೋಲೂ ಓದು, ಅದಾದ್ಮೇಲೆ ಒಳ್ಳೇದೂ ಓದು, ಎರಡೂ ಒಟ್ಟಿಗೆ."

ಮಾವ ಮರಳಿ ಬಂದು, "ಮುಗೀತಾ?" ಎಂದರು. "ಇವತ್ತಿಗೆ ಮುಗೀತು ಕಣಪ್ಪ" ಎಂದರು ಅಜ್ಜಿ. ಅವರು ಸುಳ್ಳು ಹೇಳಲಿಲ್ಲ. ಸೋಲು ಎಂಬ ಮಾತನ್ನು ಮಗನ ಮುಂದೆ ಅವರು ಅಲ್ಲಿಯವರೆಗೆ ಆಡಿದವರಲ್ಲ, ಅಂದೂ ಆಡಲಿಲ್ಲ. ಮಗನ ತಲೆಯಲ್ಲಿ ಏನು ಓಡುತ್ತಿದೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾನು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ತುಮಕೂರಿಗೆ ಬಂದೆ.

ಫೆಬ್ರವರಿ ಒಂಬತ್ತರ ಭಾನುವಾರ ನನಗೆ ಕುಣಿಗಲ್‌ನಲ್ಲಿ ಒಂದು ಪರೀಕ್ಷೆ. ಎರಡು ವರ್ಷ ಓದಿದ್ದ ಪರೀಕ್ಷೆ, ಬಿಡುವಂತಿರಲಿಲ್ಲ. ಗೇಟಿನಲ್ಲೇ ಫೋನ್ ಆರಿಸಿ ಕೊಟ್ಟೆ. ಮುಗಿದ ಮೇಲೆ ಜೊತೆಗೆ ಬರೆದ ಗೆಳತಿ ಬಲವಂತ ಮಾಡಿ ಮಾರ್ಕೋನಹಳ್ಳಿಗೆ ಕರೆದೊಯ್ದಳು. ಡ್ಯಾಮಿನ ಏರಿಯ ಮೇಲೆ ನಡೆಯುತ್ತಾ, ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಜಗಳವಾಡುತ್ತಾ ಕಾಲ ಹೋಯಿತು. ಫೋನ್ ಮತ್ತೆ ಆನ್ ಮಾಡುವುದು ನೆನಪಾದದ್ದು ಸಂಜೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ. ಅತ್ತೆಯ ಧ್ವನಿ ಸಂದೇಶ ಬಂದಿತ್ತು. "ನೋಡವ್ವ, ನಿಮ್ಮಾವ ಬೆಳಗಿಂದ ತನ್ನ ಕಡೆ ಐದೂ ಜನ್ರುನ್ನ ಜಗಲಿ ಮೇಲೆ ಕೂರಿಸ್ಕಂಡು ನಿನ್ ಉದ್ದದೋರ್ ಕಥೆ ಹೇಳ್ತಾವ್ರೆ. ಏನೋ ಕಾಗ್ದ ಬರೀತಾವ್ರೆ. ನೀನೊಂದ್ ಫೋನ್ ಮಾಡು."

ಕೂಡಲೇ ಮಾಡಿದೆ. ಮಾವ ಬಹಳ ಖುಷಿಯಲ್ಲಿದ್ದರು.

"ಆಯ್ತು ಮಗ. ಆರೂ ಜನ ರಾಜೀನಾಮೆ ಬರ್ದು ಸೆಕ್ರೆಟ್ರಿ ಕೈಗೆ ಕೊಟ್ವು."

"ಯಾಕೆ ಮಾವ?"

"ಹನ್ನೊಂದ್ರಲ್ಲಿ ಆರು ಹೋದ್ರೆ ಬೋರ್ಡೇ ಬಿದ್ದೋಯ್ತದೆ. ಬೋರ್ಡೇ ಇಲ್ಲಾಂದ್ಮೇಲೆ ಯಾರ್ ಯಾರಿಗ್ ಕುರ್ಚಿ ಬಿಡೋದು? ಮಾತು ತಪ್ಪಿದ್ ಹಂಗೂ ಆಗಲ್ಲ. ಜನ ತೀರ್ಮಾನ ಮಾಡ್ಲಿ. ಬೋನಸ್ ಕೊಟ್ಟೀವಿ, ಟ್ಯಾಂಕ್ ತಂದೀವಿ. ಈಗ ಚುನಾವಣೆ ಆದ್ರೆ ಒಂಬತ್ತು ಸೀಟ್ ನಮ್ದೇ ಕಣವ್ವ."

"ಮಾವ, ಅವರು ಆ ಚುನಾವಣೇಲಿ ಸೋತ್ರು."

ಬಸ್ಸುಗಳ ಹಾರ್ನಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಅಕ್ಕಪಕ್ಕದವರು ತಿರುಗಿ ನೋಡಿದರು. "ಕಾಗದ ವಾಪಸ್ ಇಸ್ಕೊಳಿ ಮಾವ, ಈಗ್ಲೇ ಹೋಗಿ" ಎಂದೆ. ಆಗ ಮಾವ, "ಊರೆಲ್ಲ ಗೊತ್ತಾಗೋಗದೆ. ಈಗ ಹೋಗಿ ವಾಪಸ್ ಕೇಳಿದ್ರೆ ನಾಳೆಯಿಂದ ಹಾಲು ಹಾಕೋಕ್ ಹೋಗಂಗಿಲ್ಲ" ಎಂದು ಫೋನಿಟ್ಟರು.

ಫೆಬ್ರವರಿ ಹದಿನಾರಕ್ಕೆ ಉಳಿದ ಎರಡು ಪುಟ ಓದಿದೆ. ನಾನು ಓದುತ್ತೇನೆ ಎನ್ನಲಿಲ್ಲ, ಮಾವನೇ ಓದು ಎಂದರು. ವಿಸರ್ಜನೆಯ ನಂತರದ ಚುನಾವಣೆಯಲ್ಲಿ ಉದ್ದದೋರ ಕಡೆಯವರು ಸೋತರು. ಎದುರು ಪಕ್ಷದವರು ಪ್ರಧಾನಿಯಾದರು. ಅಧ್ಯಕ್ಷರು ಐದು ವರ್ಷ ಅವರ ಜೊತೆ ಒಂದೇ ಮನೆ ಎರಡು ಒಲೆ ನಡೆಸಬೇಕಾಯಿತು. ಓದಿ ಮುಗಿಸಿದಾಗ ಹೊಸಿಲ ಮೇಲೆ ಅತ್ತೆ ಇರಲಿಲ್ಲ, ಎದ್ದು ಒಳಗೆ ಹೋಗಿದ್ದರು.

"ಇದು ಅವತ್ತೇ ಇತ್ತಾ ನಿನ್ನತ್ರ?" ಎಂದರು ಮಾವ.

"ಇತ್ತು."

"ಓದಿದ್ರೆ ಎಷ್ಟೊತ್ ಆಗದು?"

"ಹತ್ತು ನಿಮಿಷ."

ಅಜ್ಜಿ ನಡುವೆ ಬಂದರು. "ನಾನೇ ಬ್ಯಾಡ ಅಂದಿದ್ದು. ಅವಳ್ನ ಯಾಕ್ ಕೇಳ್ತೀಯಾ? ಸೋಲಿನ್ ಹತ್ರ ಓದು ನಿಲ್ಲಿಸ್ಬಾರ್ದು ಅಂತ ನಿಮ್ಮಪ್ಪನ ಕಾಲದಿಂದ ಐತೆ. ನೀನು ಕಥೆ ಪೂರ್ತಿ ಕೇಳ್ದೆ ಎದ್ದೋಗಿ ಊರ್ ತುಂಬ ಕುಣಿದ್ರೆ ಯಾರೇನ್ ಮಾಡಾರು?" ಮತ್ತೆ, "ಬೋರ್ಡ್ ಬಿದ್ದೋದ್ರೆ ಮಾತು ಬಿದ್ದೋಯ್ತದೆ ಅಂದ್ಯಂತೆ. ಕರ್ಪೂರಕ್ಕೆ ನಿನ್ ಡೈರಿ ಬೈಲಾ ಗೊತ್ತಿಲ್ಲ ಕಣೋ" ಎಂದರು.

ನನಗೆ ಸಿಟ್ಟು ಬಂದದ್ದು ಮಾವನ ಮೇಲೋ, ಅಜ್ಜಿಯ ಮೇಲೋ, ಕುಣಿಗಲ್‌ನಲ್ಲಿ ಪರೀಕ್ಷೆ ಇಟ್ಟವರ ಮೇಲೋ ತಿಳಿಯಲಿಲ್ಲ. ಅಂದಿನ ದಿನಚರಿಯಲ್ಲಿ ಪೆನ್ನು ಒತ್ತಿ ಬರೆದು ಕೆಳಗಿನ ಪುಟಕ್ಕೂ ಅಚ್ಚು ಬಿದ್ದಿದೆ. ಹನ್ನೊಂದು ವಾರ ತಾಳ್ಮೆಯಿಂದ ಓದಿದ್ದೆ. ಅಷ್ಟರಲ್ಲಿ ಅವರು ಹಿಡಿದುಕೊಂಡದ್ದು ಹಸು ಮತ್ತು ಟೀವಿ ಭಾಷಣ.

ಆಮೇಲಿನದು ಇನ್ನೂ ಬೇಸರದ್ದು. ಫ್ರಾನ್ಸಿನಲ್ಲಿ ಸಭೆ ವಿಸರ್ಜನೆಯಾದರೆ ನಲವತ್ತು ದಿನದೊಳಗೆ ಚುನಾವಣೆ ನಡೆಯಲೇಬೇಕು, ಅವರ ಸಂವಿಧಾನದಲ್ಲೇ ಇದೆ. ಮಾವ ನನ್ನ ಬಾಯಿಂದ ಇದನ್ನು ಕೇಳಿ ಸ್ವಲ್ಪ ಚೇತರಿಸಿಕೊಂಡಿದ್ದರು. ಸೋತರೆ ಸೋಲಲಿ, ಬೇಗ ಆಗಲಿ ಎಂದು. ನಮ್ಮಲ್ಲಿ ಬೋರ್ಡ್ ಬಿದ್ದರೆ ಇಲಾಖೆಯಿಂದ ಆಡಳಿತಾಧಿಕಾರಿ ಬರುತ್ತಾರೆ. ಬಂದರು. ಒಳ್ಳೆಯ ಮನುಷ್ಯ. ಆದರೆ ಅವರ ಕೈಯಲ್ಲಿ ಇಂಥವೇ ಬೇರೆ ಸಂಘಗಳೂ ಇವೆ, ನಮ್ಮೂರಿಗೆ ವಾರಕ್ಕೊಮ್ಮೆ ಬಂದರೆ ಹೆಚ್ಚು. ಟ್ಯಾಂಕು ಬಂದು ಡೈರಿಯ ಹಿಂದೆ ಪ್ಲಾಸ್ಟಿಕ್ ಹೊದ್ದು ಕೂತಿದೆ. ಅದನ್ನು ಕೂರಿಸುವ ಕಟ್ಟೆಗೆ ಒಪ್ಪಿಗೆ ಕೊಡಲು ಬೋರ್ಡ್ ಬೇಕು ಎನ್ನುತ್ತಾರೆ, ಬೋರ್ಡಿಗೆ ಚುನಾವಣೆ ಬೇಕು, ಚುನಾವಣೆಗೆ ಮತದಾರರ ಪಟ್ಟಿ ಹೊಸದಾಗಬೇಕು. ಪಟ್ಟಿಗಾಗಿ ನಾನೇ ಕೆಲಸದ ನಡುವೆ ರಜೆ ಹಾಕಿ ತುಮಕೂರಿನ ಕಚೇರಿಗೆ ನಾಲ್ಕು ಸಲ ಹೋದೆ. ಒಮ್ಮೆ ಸಾಹೇಬರು ಮೀಟಿಂಗಿಗೆ ಹೋಗಿದ್ದರು, ಇನ್ನೊಮ್ಮೆ ಕಂಪ್ಯೂಟರ್ ಕೆಟ್ಟಿತ್ತು. ಉಳಿದ ಎರಡು ಸಲ ಎಲ್ಲರೂ ಇದ್ದರು, ಎಲ್ಲವೂ ಸರಿಯಿತ್ತು, ಆದರೂ ಆಗಲಿಲ್ಲ.

ಯುಗಾದಿ ಬಂದು ಹೋಯಿತು. ಹಬ್ಬದ ಮರುದಿನ ಮೂಲೆಮನೆಯವರು ಗುಡಿ ಹತ್ತಿರ ಸಿಕ್ಕರು.

"ಏನಮ್ಮ, ಫ್ರಾನ್ಸ್‌ನೋರು ಚೆಂದಾಗವ್ರಾ?"

"ಅವರು ತೀರಿಕೊಂಡು ವರ್ಷಗಳ ಮೇಲಾಯ್ತು ಮಾವ."

"ಹೋಗೋದ್ ಹೋದ್ರು, ನನ್ ಎರಡೂವರೆ ವರ್ಷಾನೂ ಹೊತ್ಕಂಡೋದ್ರಲ್ಲ." ನಗುತ್ತಲೇ ಹೇಳಿದರು. ಆಮೇಲೆ ನಗು ನಿಲ್ಲಿಸಿ, "ನಿಮ್ಮಾವ ನೇರವಾಗಿ ಬಂದು, ಟ್ಯಾಂಕ್ ಪೂಜೆ ಆಗೋವರ್ಗೂ ಇರ್ತೀನಿ ಕಣೋ ಅಂದಿದ್ರೆ ನಾನ್ ಬ್ಯಾಡ ಅಂತಿದ್ನಾ? ಮೂರು ತಿಂಗಳು ತಾನೆ" ಎಂದರು.

ಇದನ್ನು ಮಾವನಿಗೆ ಹೇಳಲೋ ಬೇಡವೋ ಎಂದು ಎರಡು ವಾರ ಯೋಚಿಸಿ, ಹೇಳಿದೆ. ಮಾವ ಎದ್ದು ಕೊಟ್ಟಿಗೆಗೆ ಹೋದರು. ಸಂಜೆ ಮೂಲೆಮನೆಗೆ ಹೋಗಿ ಬಂದರಂತೆ. ಏನು ಮಾತಾಡಿದರೋ ಅತ್ತೆಗೂ ಹೇಳಿಲ್ಲ. ಈಗ ಇಬ್ಬರೂ ಮೊದಲಿನ ಹಾಗೆಯೇ ಇದ್ದಾರೆ. ಆ ಒಂದು ಭಾರ ಇಳಿದಂತೆ ಕಾಣುತ್ತದೆ.

ಇಳಿಯದ್ದು ಮಾವನ ಕಡೆಯ ಆ ಐದು ಜನರದ್ದು. ಅವರು ಮಾವನ ಮಾತು ನಂಬಿ ಕಾಗದಕ್ಕೆ ಸಹಿ ಹಾಕಿದವರು. ಅವರಲ್ಲಿ ಇಬ್ಬರು ಮೊದಲ ಸಲ ನಿರ್ದೇಶಕರಾಗಿದ್ದವರು. ಇನ್ನೊಬ್ಬರ ಹೆಂಡತಿ ಊರಿನಲ್ಲಿ, ನಮ್ಮೆಜಮಾನ್ರು ಡೈರೆಕ್ಟ್ರು ಎಂದು ಹೇಳಿಕೊಂಡು ಓಡಾಡುತ್ತಿದ್ದವರು. ಎಲ್ಲಿ ಹೇಗೆ ತಿರುಗುತ್ತಾರೋ ಎಂದು ಎಲ್ಲರೂ ಅನುಮಾನಿಸುತ್ತಿದ್ದ ಆ ಒಬ್ಬರು ಕೂಡ ಅಂದು ಮೊದಲು ಸಹಿ ಹಾಕಿದ್ದರಂತೆ. ಆಮೇಲೆ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಮಾವ ಕ್ಯಾನು ಹಿಡಿದು ನಿಂತರೆ ಈ ಐವರೂ ಮುಂದಿನವರ ಜೊತೆ ಮಾತಾಡುತ್ತಿದ್ದರು, ಹಿಂದಿನವರ ಜೊತೆ ಮಾತಾಡುತ್ತಿದ್ದರು, ಮಾವನ ಜೊತೆ ಮಾತ್ರ ಇಲ್ಲ. ಜಗಳವಾಗಲಿ ಬೈಗುಳವಾಗಲಿ ಇಲ್ಲ. ಬೈದಿದ್ದರೆ ಮಾವನಿಗೆ ಸುಲಭವಾಗುತ್ತಿತ್ತೇನೋ. ಜುಲೈನಿಂದ ಮಾವ ಹಾಲು ಹಾಕಲು ಅತ್ತೆಯನ್ನು ಕಳಿಸುತ್ತಿದ್ದಾರೆ.

ಪುಸ್ತಕ ಏಪ್ರಿಲ್‌ಗೆ ಮುಗಿಯಬೇಕಿತ್ತು. ಉಳಿದ ಅಧ್ಯಾಯಗಳನ್ನೆಲ್ಲ ಬರೆದಿದ್ದೇನೆ. ಎರಡನೆಯ ಸಲದ ಅಧ್ಯಕ್ಷಗಿರಿಗೆ ಅವರು ಎದುರಾಳಿಗಳ ಮತವನ್ನೂ ಪಡೆದು ಭಾರಿ ಅಂತರದಲ್ಲಿ ಗೆದ್ದದ್ದು, ಇರಾಕ್ ಯುದ್ಧಕ್ಕೆ ಬರುವುದಿಲ್ಲ ಎಂದು ದೊಡ್ಡ ದೇಶಕ್ಕೇ ಹೇಳಿದ್ದು, ಅಧಿಕಾರ ಬಿಟ್ಟ ಮೇಲೆ ಮೇಯರ್ ಕಾಲದ ಹಣದ ವಿಷಯದಲ್ಲಿ ನ್ಯಾಯಾಲಯ ತಪ್ಪಿತಸ್ಥರೆಂದು ಹೇಳಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟದ್ದು, ಕೊನೆಗೆ ನೆನಪಿನ ಶಕ್ತಿ ಕುಂದಿದ್ದು. ಇವನ್ನೂ ಜಗಲಿಯಲ್ಲಿ ಓದಿದೆ. ಮಾವ ಸುಮ್ಮನೆ ಕೇಳಿದರು, ಹಸುವಿನ ಮಾತೆತ್ತಲಿಲ್ಲ.

ಸೆಪ್ಟೆಂಬರ್ ಕೊನೆಯ ಭಾನುವಾರ ನಾನು ಹೊರಡುವಾಗ ಮಾವ ಸ್ಕೂಟರಿನವರೆಗೆ ಬಂದರು.

"ಆ ಚುನಾವಣೇಲಿ ಅವ್ನ ಕಡೆಯೋರು ಎಷ್ಟ್ ಜನ ಸೋತ್ರು?"

"ಬಹಳ ಜನ ಮಾವ. ನೂರಾರು ಜನ."

"ಇನ್ನೊಂದ್ ವರ್ಷ ಇತ್ತು ಅವ್ರಿಗೆ. ಇವ್ನು ಎಬ್ಬಿಸ್ದ, ಎದ್ದೋದ್ರು."

"ಹೂಂ."

"ಮರ್ದಿನ ಅವ್ರಿಗೆ ಏನಂದ?"

ನನಗೆ ಗೊತ್ತಿರಲಿಲ್ಲ. ಹೊಸ ಪ್ರಧಾನಿಯನ್ನು ಬರಮಾಡಿಕೊಂಡದ್ದು ಗೊತ್ತು. ಮುಂದಿನ ಐದು ವರ್ಷ ಇಬ್ಬರೂ ಹೇಗೆ ನಡೆದುಕೊಂಡರು ಎಂಬುದು ಮೂರೂ ಪುಸ್ತಕದಲ್ಲಿದೆ. ತಪ್ಪು ಯಾರದು, ಸಲಹೆ ಕೊಟ್ಟವರು ಯಾರು ಎಂದು ಪುಟಗಟ್ಟಲೆ ಇದೆ. ಸೀಟು ಕಳೆದುಕೊಂಡ ತಮ್ಮವರ ಮನೆಗೆ ಅವರು ಹೋದರೇ, ಕರೆಸಿಕೊಂಡರೇ, ಪತ್ರ ಬರೆದರೇ, ಎದುರಿಗೆ ಸಿಕ್ಕಾಗ ಮೊದಲ ಮಾತು ಏನಾಡಿದರು? ಎರಡು ವಾರದಿಂದ ಮೂರನ್ನೂ ಮೊದಲಿಂದ ತಿರುವಿದ್ದೇನೆ, ಎಲ್ಲೂ ಇಲ್ಲ. "ನಿಮ್ಗೇ ತೋಚಿದ್ದು ಹೇಳಿ ಮಾವ, ಹೋಗಿ ತಪ್ಪಾಯ್ತು ಅನ್ನಿ" ಎಂದೆ ಅಂದು. "ಅಷ್ಟ್ ಗೊತ್ತಾಗಲ್ವಾ ನಂಗೆ? ಹೆಂಗ್ ಶುರು ಮಾಡೋದು ಅಂತ ಕೇಳ್ತಾ ಇದೀನಿ" ಎಂದು ಮಾವ ಗೇಟು ಹಾಕಿಕೊಂಡು ಒಳಗೆ ಹೋದರು.

ನಿನ್ನೆ ಪ್ರಕಾಶಕರು ಫೋನ್ ಮಾಡಿದ್ದರು. ಇನ್ನು ಕಾಯುವುದಿಲ್ಲ, ಹಸ್ತಪ್ರತಿ ಈ ತಿಂಗಳೇ ಬೇಕು ಎಂದರು. ಮಾವನ ಪ್ರಶ್ನೆ ಹೇಳಿದ್ದಕ್ಕೆ, ಅಷ್ಟು ಸಣ್ಣ ವಿಷಯ ಯಾರು ಕೇಳುತ್ತಾರೆ ಎಂದೂ ಅಂದರು. ಇವತ್ತು ನಾನು ಊರಿಗೆ ಹೋಗಲಿಲ್ಲ. ಉತ್ತರವಿಲ್ಲದೆ ಹೋಗಿ ಜಗಲಿಯಲ್ಲಿ ಕೂರುವುದು ಬೇಡವೆನ್ನಿಸಿತು.

ಇದನ್ನು ಓದುವವರಲ್ಲಿ ಫ್ರೆಂಚ್ ಬಲ್ಲವರು ಇರಬಹುದು. ಆ ದೇಶದಲ್ಲಿ ಇದ್ದು ಬಂದವರೂ ಇರಬಹುದು. ಆ ಸೋಲಿನ ನಂತರ ಉದ್ದದೋರು ತಮ್ಮಿಂದ ಸ್ಥಾನ ಕಳೆದುಕೊಂಡವರ ಹತ್ತಿರ ಏನು ಮಾತಾಡಿದರು, ಯಾರು ಮೊದಲು ಬಾಯಿ ಬಿಟ್ಟರು, ಅವರೇ ಬರೆದದ್ದರಲ್ಲೋ ಸೋತವರು ಹೇಳಿಕೊಂಡದ್ದರಲ್ಲೋ ಎಲ್ಲಾದರೂ ಓದಿದ್ದರೆ ದಯವಿಟ್ಟು ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ಬರೆಯಿರಿ. ಯಾವ ಪುಸ್ತಕ, ಎಷ್ಟನೆಯ ಪುಟ ಎಂದು ತಿಳಿಸಿದರೆ ಸಾಕು, ಉಳಿದದ್ದನ್ನು ನಾನು ಹುಡುಕಿಕೊಳ್ಳುತ್ತೇನೆ. ಫ್ರಾನ್ಸಿನದೇ ಆಗಬೇಕೆಂದಿಲ್ಲ. ನಿಮ್ಮೂರ ಡೈರಿಯಲ್ಲಿ ಇಂಥದ್ದು ನಡೆದು, ಮಾತು ಬಿಟ್ಟವರು ಮತ್ತೆ ಮಾತಾಡಿದ್ದರೆ, ಮೊದಲ ಮಾತು ಏನಿತ್ತು ಎಂದು ಅದನ್ನೂ ಬರೆಯಿರಿ.